ಹೋರಿ ನಡೆದ ದಾರಿಯನ್ನು ಮೂಳೆ ಹೇಳಿತು: ಹಳೆಯ ಡಿಎನ್‌ಎ ಓದುವುದು ಹೇಗೆ?

ಹುರುಳಿ ಕೀಳುವ ದಿನ ನಮ್ಮ ಕಡೆ ಯಾರೂ ಹೊತ್ತೇರಿದ ಮೇಲೆ ಹೊಲಕ್ಕೆ ಹೋಗುವುದಿಲ್ಲ. ಇಬ್ಬನಿ ಆರುವ ಮೊದಲೇ ಗಿಡ ಕಿತ್ತು ಕಣಕ್ಕೆ ಸಾಗಿಸಬೇಕು. ಬಿಸಿಲು ಬಲಿಯಿತೆಂದರೆ ಒಣಗಿದ ಕಾಯಿಗೆ ಕೈ ತಾಗಿದರೂ ಸಾಕು, ಚಟ್ಟನೆ ಸಿಡಿಯುತ್ತದೆ. ಸಿಪ್ಪೆ ಎರಡು ಹೋಳಾಗಿ ತಿರುಚಿಕೊಳ್ಳುತ್ತದೆ. ಕಾಳು ಮಣ್ಣಿನ ಪಾಲು.

ಗಿಡದ ಕಡೆಯಿಂದ ನೋಡಿದರೆ ಇದರಲ್ಲಿ ತಪ್ಪೇನಿಲ್ಲ. ತನ್ನ ಬೀಜ ದೂರ ಹೋಗಿ ಬೀಳಲಿ ಅಂತ ಅದು ಕಾಯಿಯನ್ನು ಸಿಡಿಸುತ್ತದೆ. ನಮಗೆ ಬೇಕಿರುವುದು ಅದಕ್ಕೆ ತದ್ವಿರುದ್ಧ. ಕಾಳು ಕಾಯಿಯೊಳಗೇ ಕೂತಿರಬೇಕು, ನಾವು ಬಡಿದಾಗ ಮಾತ್ರ ಹೊರಗೆ ಬರಬೇಕು. ಗಿಡಕ್ಕೂ ಬೆಳೆಯುವವರಿಗೂ ನಡುವಿನ ಈ ಎಳೆದಾಟ ಸಾವಿರಾರು ವರ್ಷದ್ದು. ಗೋಧಿ, ಬಾರ್ಲಿಯಲ್ಲಿ ಮನುಷ್ಯ ಬಹುಮಟ್ಟಿಗೆ ಗೆದ್ದಿದ್ದಾನೆ. ತೆನೆ ಬಲಿತರೂ ಕಾಳು ಬಿಡದೆ ಹಿಡಿದುಕೊಂಡಿರುತ್ತದೆ. ಹುರುಳಿಯಲ್ಲಿ ಇನ್ನೂ ಪೂರ್ತಿ ಗೆದ್ದಿಲ್ಲ.

ಈ ಎಳೆದಾಟ ಎಲ್ಲಿ ಶುರುವಾಯಿತು? ಯಾವಾಗ? ಕಾಡಿನ ಹುಲ್ಲು ಬೆಳೆಯಾದದ್ದು, ಕಾಡುದನ ಕೊಟ್ಟಿಗೆಗೆ ಬಂದದ್ದು ಹೇಗೆ? 40 ವರ್ಷದ ಹಿಂದಿನವರೆಗೆ ಇದಕ್ಕೆಲ್ಲ ಮೂಳೆಯ ಆಕಾರ, ಕಾಳಿನ ಗಾತ್ರ ನೋಡಿ ಉತ್ತರ ಊಹಿಸಬೇಕಿತ್ತು. ಈಗ ಮೂಳೆಯ ಒಳಗೆ ಉಳಿದಿರುವ ಡಿಎನ್‌ಎಯನ್ನೇ ಓದಬಹುದು. 2025ರಲ್ಲಿ ಅಮೆರಿಕದ ಕಂಪನಿಯೊಂದು ಸಾವಿರಾರು ವರ್ಷ ಹಿಂದೆ ಅಳಿದುಹೋದ ಡೈರ್ ವುಲ್ಫ್ ತೋಳವನ್ನು ಮತ್ತೆ ಹುಟ್ಟಿಸಿದ್ದೇವೆ ಅಂದಾಗ ‘ಹಳೆಯ ಡಿಎನ್‌ಎ’ ಎಂಬ ಮಾತು ಎಲ್ಲ ಕಡೆ ಓಡಾಡಿತು. ಆ ಮರಿಗಳು ನಿಜವಾಗಿ ಡಿಎನ್‌ಎಯಲ್ಲಿ ಕೆಲವು ಕಡೆ ತಿದ್ದುಪಡಿ ಮಾಡಿದ ಬೂದು ತೋಳಗಳು. ನನ್ನ ಮಟ್ಟಿಗೆ ಹಳೆಯ ಡಿಎನ್‌ಎಯ ದೊಡ್ಡ ಕೆಲಸ ನಡೆದಿರುವುದು ಅಲ್ಲಲ್ಲ. ನಮ್ಮ ತಟ್ಟೆ, ನಮ್ಮ ಕೊಟ್ಟಿಗೆಯ ಹಳೆಯ ಲೆಕ್ಕ ತೆಗೆದಿರುವಲ್ಲಿ.

ಪಳಗಿಸುವುದು ಅಂದರೆ ಹಿಡಿದು ಕಟ್ಟುವುದಲ್ಲ

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಸಕ್ಕರೆಬೈಲಿನ ಆನೆ ಮಾವುತನ ಮಾತು ಕೇಳುತ್ತದೆ. ದಸರೆಯ ಆನೆ ಲಕ್ಷ ಜನರ ಗದ್ದಲದಲ್ಲೂ ಅಂಬಾರಿ ಹೊತ್ತು ನಡೆಯುತ್ತದೆ. ಹಾಗಾದರೆ ಆನೆ ಸಾಕುಪ್ರಾಣಿ ಅಲ್ವಾ?

ವಿಜ್ಞಾನದ ಲೆಕ್ಕದಲ್ಲಿ ಅಲ್ಲ. ಬಿಡಾರದಲ್ಲೇ ಹುಟ್ಟಿದ ಮರಿಯನ್ನೂ ಮೊದಲಿನಿಂದ ಕಲಿಸಿ ಪಳಗಿಸಬೇಕು. ಅಮ್ಮ ಕಲಿತದ್ದು ಮರಿಗೆ ಹುಟ್ಟಿನಿಂದ ಬರುವುದಿಲ್ಲ. ದೇಹದಲ್ಲೂ ಸ್ವಭಾವದಲ್ಲೂ ಅದು ಕಾಡಾನೆಯೇ.

ಹಸುವಿನ ವಿಷಯ ಬೇರೆ. ನೂರಾರು ತಲೆಮಾರುಗಳ ಕಾಲ ಮನುಷ್ಯರು ಯಾವ ಹೋರಿ ಉಳಿಯಬೇಕು, ಯಾವ ಹಸು ಕರು ಹಾಕಬೇಕು ಅಂತ ಆರಿಸಿದ್ದಾರೆ. ಹಾಯುವ ಗೂಳಿ ಹೋಯಿತು, ಸಾಧು ಹೋರಿ ಉಳಿಯಿತು. ಆ ಸಾಧು ಗುಣ ಈಗ ಕರುವಿನ ರಕ್ತದಲ್ಲೇ ಬರುತ್ತದೆ. ಬೆಳೆಯಲ್ಲೂ ಇದೇ ಕಥೆ. ಉದುರದೆ ಉಳಿದ ಕಾಳನ್ನೇ ಮನೆಗೆ ತಂದು, ಅದರಲ್ಲೇ ಸ್ವಲ್ಪ ಬಿತ್ತನೆಗೆ ಎತ್ತಿಟ್ಟರೆ, ಉದುರದ ಗುಣ ವರ್ಷ ವರ್ಷವೂ ಜಾಸ್ತಿಯಾಗುತ್ತದೆ. ಯಾರೂ ಯೋಜನೆ ಹಾಕಿ ಮಾಡಬೇಕಿಲ್ಲ. ಸುಮ್ನೆ ಕೊಯ್ದು ಸುಮ್ನೆ ಬಿತ್ತುತ್ತಾ ಹೋದರೂ ಆಗುತ್ತದೆ.

ಈ ಲೇಖನದಲ್ಲಿ ‘ಪಳಗಿಸುವುದು’ ಅಂದಾಗ ಈ ಎರಡನೆಯದು. ಒಂದು ಪ್ರಾಣಿಯನ್ನಲ್ಲ, ಇಡೀ ಸಂತತಿಯನ್ನು. ತಲೆಮಾರಿನಿಂದ ತಲೆಮಾರಿಗೆ ದಾಟುವ ಬದಲಾವಣೆ ಬರೆದಿಟ್ಟಿರುವ ಜಾಗ ಒಂದೇ, ಡಿಎನ್‌ಎ.

ನಾಲ್ಕೇ ಅಕ್ಷರದ ಪುಸ್ತಕ

ಡಿಎನ್‌ಎ ಅನ್ನುವುದು ಜೀವಕೋಶದೊಳಗಿನ ಉದ್ದನೆಯ ಎಳೆ. ಅದರಲ್ಲಿ ನಾಲ್ಕು ಬಗೆಯ ರಾಸಾಯನಿಕ ತುಣುಕುಗಳು ಸಾಲಾಗಿ ಕೂತಿವೆ. ಅವುಗಳನ್ನು ಎ, ಟಿ, ಜಿ, ಸಿ ಎಂಬ ಅಕ್ಷರಗಳಿಂದ ಗುರುತಿಸುತ್ತಾರೆ. ಹಸುವಿನ ಪುಸ್ತಕದಲ್ಲಿ ಸುಮಾರು 270 ಕೋಟಿ ಅಕ್ಷರಗಳಿವೆ. ಅದರೊಳಗೆ ಒಂದೊಂದು ಕೆಲಸಕ್ಕೆ ಸಂಬಂಧಿಸಿದ ಒಂದೊಂದು ವಾಕ್ಯವನ್ನು ಜೀನ್ ಅನ್ನೋಣ. ಚರ್ಮದ ಬಣ್ಣದ ಜೀನ್, ಪಿಷ್ಟ ಅರಗಿಸುವ ಜೀನ್, ಹೀಗೆ.

ಕರುವಿಗೆ ಈ ಪುಸ್ತಕದ ಅರ್ಧ ತಾಯಿಯಿಂದ, ಅರ್ಧ ತಂದೆಯಿಂದ ಬರುತ್ತದೆ. ಪ್ರತಿ ಸಲ ನಕಲು ಮಾಡುವಾಗ ಅಲ್ಲೊಂದು ಇಲ್ಲೊಂದು ಅಕ್ಷರ ತಪ್ಪುತ್ತದೆ. ಆ ತಪ್ಪು ಮುಂದಿನ ನಕಲುಗಳಿಗೂ ಹೋಗುತ್ತದೆ. ಎರಡು ಪ್ರಾಣಿಗಳಲ್ಲಿ ಒಂದೇ ಜಾಗದಲ್ಲಿ ಒಂದೇ ಬಗೆಯ ತಪ್ಪುಗಳು ಬಹಳಷ್ಟು ಸಿಕ್ಕರೆ ಅವು ಹತ್ತಿರದ ನೆಂಟರು. ಪರೀಕ್ಷೆಯಲ್ಲಿ ಯಾರು ಯಾರದ್ದು ನೋಡಿ ಬರೆದರು ಅಂತ ಮೇಷ್ಟ್ರು ತಪ್ಪು ಉತ್ತರಗಳಿಂದಲೇ ಕಂಡುಹಿಡಿಯುವುದಿಲ್ಲವೇ, ಹಾಗೆ.

ಒಂದು ಸಣ್ಣ ತುಂಡು ಮಾತ್ರ ಈ ಅರ್ಧ-ಅರ್ಧ ಲೆಕ್ಕಕ್ಕೆ ಬರುವುದಿಲ್ಲ. ಜೀವಕೋಶದಲ್ಲಿ ಮೈಟೊಕಾಂಡ್ರಿಯ ಎಂಬ ಪುಟ್ಟ ಭಾಗಗಳಿವೆ. ಅವುಗಳಿಗೆ ಅವುಗಳದ್ದೇ ಚಿಕ್ಕ ಡಿಎನ್‌ಎ ಇದೆ. ಅದು ತಾಯಿಯಿಂದ ಮಾತ್ರ ಬರುತ್ತದೆ. ತಾಯಿ, ಅಜ್ಜಿ, ಮುತ್ತಜ್ಜಿ ಅಂತ ನೇರ ಹೆಣ್ಣಿನ ದಾರಿ. ಇದನ್ನು ನೆನಪಿಟ್ಟುಕೊಳ್ಳಿ, ಹೋರಿಯ ಕಥೆಗೆ ಬೇಕಾಗುತ್ತದೆ.

ಇವತ್ತಿನ ಕೋಳಿಯನ್ನೇ ನೋಡಿದರೆ ಸಾಲದೇ?

ಮೆಜೆಸ್ಟಿಕ್ ಬಸ್ ನಿಲ್ದಾಣದಲ್ಲಿ ನಿಂತು ಸುತ್ತ ನೋಡಿದರೆ ಅಲ್ಲಿ ಧರ್ಮಾಂಬುಧಿ ಕೆರೆ ಇತ್ತು ಅಂತ ಗೊತ್ತಾಗುತ್ತದಾ? ಇವತ್ತಿನ ಪ್ರಾಣಿಯ ಡಿಎನ್‌ಎ ಮಾತ್ರ ನೋಡಿ ಹತ್ತು ಸಾವಿರ ವರ್ಷದ ಹಿಂದಿನದನ್ನು ಹೇಳುವುದು ಸುಮಾರು ಹಾಗೆಯೇ. ನಡುವೆ ಎಷ್ಟೋ ತಳಿಗಳು ಬೆರೆತಿವೆ, ಎಷ್ಟೋ ಅಳಿದಿವೆ.

ಕೋಳಿಯಲ್ಲಿ ಇದು ಚೆನ್ನಾಗಿ ಗೊತ್ತಾಯಿತು. ಸಾಕುಕೋಳಿಯ ಮುಖ್ಯ ಮೂಲ ಆಗ್ನೇಯ ಏಷ್ಯಾದ ಕೆಂಪು ಕಾಡುಕೋಳಿ. ಆದರೆ ಇವತ್ತಿನ ಬಹಳಷ್ಟು ಕೋಳಿಗಳ ಕಾಲು, ಚರ್ಮ ಹಳದಿ. 2008ರಲ್ಲಿ ಗೊತ್ತಾದದ್ದು ಏನೆಂದರೆ, ಈ ಹಳದಿ ಚರ್ಮದ ಜೀನ್ ಬಂದಿರುವುದು ಕೆಂಪು ಕಾಡುಕೋಳಿಯಿಂದಲ್ಲ, ಬೂದು ಕಾಡುಕೋಳಿಯಿಂದ. ಅದು ನಮ್ಮ ಪಶ್ಚಿಮಘಟ್ಟದಲ್ಲಿ ಬೆಳಗಿನ ಜಾವ ಕೂಗುವ ಕಾಡುಕೋಳಿಯೇ. ಭಾರತ ಬಿಟ್ಟರೆ ಬೇರೆಲ್ಲೂ ಅದು ಕಾಡಿನಲ್ಲಿಲ್ಲ. ಹಾಗಾದರೆ ಕೋಳಿ ಸಾಕುವ ಶುರುವಿನಲ್ಲೇ ಈ ಬೆರಕೆ ನಡೆದಿತ್ತಾ?

ಇನ್ನೊಂದು ಜೀನಿನ ಬಗ್ಗೆಯೂ ಇಂಥದ್ದೇ ನಂಬಿಕೆ ಇತ್ತು. ಹಗಲು ಎಷ್ಟು ಉದ್ದ ಅನ್ನುವುದಕ್ಕೂ ಮೊಟ್ಟೆ ಇಡುವ ಕಾಲಕ್ಕೂ ನಂಟು ಜೋಡಿಸುವ ಜೀನ್ ಅದು. ಇವತ್ತಿನ ಸಾಕುಕೋಳಿಗಳಲ್ಲಿ ಹೆಚ್ಚುಕಡಿಮೆ ಎಲ್ಲದರಲ್ಲೂ ಅದರ ಒಂದೇ ರೂಪ ಇದೆ. ಎಲ್ಲ ಕೋಳಿಯಲ್ಲೂ ಇದ್ದರೆ ಅದು ಮೊಟ್ಟಮೊದಲು ಬಂದ ಬದಲಾವಣೆಯೇ ಇರಬೇಕು ಅಂದುಕೊಂಡಿದ್ದರು. ಯಾರಿಗಾದರೂ ಹಾಗೇ ಅನಿಸುತ್ತದೆ.

2014ರಲ್ಲಿ ಯೂರೋಪಿನ ಹಳೆಯ ಕೋಳಿ ಮೂಳೆಗಳನ್ನು ಪರೀಕ್ಷಿಸಿದರು. ಎರಡು ಸಾವಿರ ವರ್ಷಕ್ಕೂ ಹಿಂದಿನಿಂದ ಹಿಡಿದು 18ನೇ ಶತಮಾನದವರೆಗಿನ ಮೂಳೆಗಳು. ಹಳದಿ ಚರ್ಮದ ಜೀನ್ ಅವುಗಳಲ್ಲಿ ಹೆಚ್ಚುಕಡಿಮೆ ಇರಲೇ ಇಲ್ಲ. ಅಂದರೆ ಯೂರೋಪಿನಲ್ಲಿ ಅದು ಹಬ್ಬಿದ್ದು ಈಚಿನ ಕೆಲವು ನೂರು ವರ್ಷಗಳಲ್ಲಿ. ಎರಡನೆಯ ಜೀನ್ ಕೂಡ ಎಲ್ಲ ಹಕ್ಕಿಗಳಲ್ಲಿ ನೆಲೆಯೂರಿರಲಿಲ್ಲ. 2017ರ ಅಧ್ಯಯನದ ಲೆಕ್ಕದಲ್ಲಿ ಅದರ ಏರಿಕೆ ಶುರುವಾದದ್ದು ಸುಮಾರು ಸಾವಿರ ವರ್ಷದ ಹಿಂದೆ. ಆಗ ಕ್ರೈಸ್ತರ ಉಪವಾಸದ ನಿಯಮಗಳು ನಾಲ್ಕು ಕಾಲಿನ ಪ್ರಾಣಿಯ ಮಾಂಸ ಬೇಡ ಅಂದವು. ಕೋಳಿ, ಮೊಟ್ಟೆಗೆ ಬೇಡಿಕೆ ಏರಿತು. ಈ ಎರಡಕ್ಕೂ ಸಂಬಂಧ ಇರಬಹುದು ಅನ್ನುತ್ತಾರೆ ಆ ಸಂಶೋಧಕರು.

ಬದುಕಿರುವ ಕೋಳಿ ತನ್ನೊಳಗೆ ಏನಿದೆ ಅಂತ ಹೇಳುತ್ತದೆ. ಅದು ಯಾವಾಗ ಬಂತು ಅಂತ ಹೇಳಬೇಕಾದರೆ ಕಾಲ ಗೊತ್ತಿರುವ ಮೂಳೆಯೇ ಬೇಕು.

ಗೆದ್ದಲು ತಿಂದ ಹಾಳೆಗಳು

ಪ್ರಾಣಿ ಸತ್ತ ಗಳಿಗೆಯಿಂದ ಡಿಎನ್‌ಎ ಮುರಿಯಲು ಶುರುವಾಗುತ್ತದೆ. ಬದುಕಿರುವಾಗ ರಿಪೇರಿ ಮಾಡುತ್ತಿದ್ದ ವ್ಯವಸ್ಥೆ ನಿಂತಿರುತ್ತದೆ. ನೀರು, ಬಿಸಿ, ಬ್ಯಾಕ್ಟೀರಿಯಾ ಎಲ್ಲವೂ ಸೇರಿ ಎಳೆಯನ್ನು ಚೂರು ಮಾಡುತ್ತವೆ. ನ್ಯೂಜಿಲೆಂಡಿನಲ್ಲಿ ಮೋವಾ ಎಂಬ ದೊಡ್ಡ ಹಕ್ಕಿ ಇತ್ತು. ಅದರ 158 ಮೂಳೆಗಳನ್ನು ಅಳೆದು 2012ರಲ್ಲಿ ಒಂದು ಲೆಕ್ಕ ಹಾಕಿದರು. ಸರಾಸರಿ 13 ಡಿಗ್ರಿಯ ತಂಪಿನಲ್ಲಿ ಒಂದು ನಿರ್ದಿಷ್ಟ ಉದ್ದದ ತುಂಡುಗಳು 521 ವರ್ಷಕ್ಕೊಮ್ಮೆ ಅರ್ಧಕ್ಕೆ ಇಳಿಯುತ್ತವೆ. ಬಿಸಿ ಏರಿದಷ್ಟೂ ಇದು ಬೇಗ. ಹಿಮದಲ್ಲಿ ಬಹಳ ನಿಧಾನ. ಹಾಗಾಗಿಯೇ ಸೈಬೀರಿಯಾದ ಹಿಮದಲ್ಲಿ ಹತ್ತು ಲಕ್ಷ ವರ್ಷಕ್ಕೂ ಹಳೆಯ ಮ್ಯಾಮತ್‌ನ ಡಿಎನ್‌ಎ ಸಿಕ್ಕಿತು.

ಅಟ್ಟದ ಮೇಲಿನ ಗಂಟಿನಲ್ಲಿ ಗೆದ್ದಲು ಹಿಡಿದ ಪುಸ್ತಕ ಸಿಕ್ಕಿದೆ ಅಂದುಕೊಳ್ಳಿ. ಒಂದು ಹಾಳೆಯೂ ಇಡಿಯಾಗಿಲ್ಲ. ಮೂರು ನಾಲ್ಕು ಪದದ ಚೂರುಗಳು ಮಾತ್ರ. ಜೊತೆಗೆ ಹತ್ತಾರು ಬೇರೆ ಪುಸ್ತಕಗಳ ಚೂರೂ ಅದರಲ್ಲೇ ಬೆರೆತಿವೆ. ಹಳೆಯ ಮೂಳೆಯ ಸ್ಥಿತಿ ಇದೇ. ಒಂದೊಂದು ಚೂರಿನಲ್ಲಿ ಐವತ್ತು ಅರವತ್ತು ಅಕ್ಷರ ಇದ್ದರೆ ಅದೇ ಹೆಚ್ಚು. ತೆಗೆದ ಡಿಎನ್‌ಎಯಲ್ಲಿ ಬಹುಪಾಲು ಮಣ್ಣಿನ ಬ್ಯಾಕ್ಟೀರಿಯಾದ್ದು. ಪ್ರಾಣಿಯದ್ದು ನೂರಕ್ಕೆ ಒಂದು ಪಾಲೂ ಇರದೆ ಹೋಗಬಹುದು.

ಜೋಡಿಸುವುದು ಹೇಗೆ? ಅದೇ ಪುಸ್ತಕದ ಹೊಸ ಪ್ರತಿ ನಮ್ಮ ಹತ್ತಿರ ಇದೆ, ಅಂದರೆ ಇವತ್ತಿನ ಹಸುವಿನ ಪೂರ್ತಿ ಡಿಎನ್‌ಎ. ಕಂಪ್ಯೂಟರ್ ಪ್ರತಿ ಚೂರನ್ನೂ ಹಿಡಿದು ಅದು ಹೊಸ ಪ್ರತಿಯಲ್ಲಿ ಎಲ್ಲಿ ಹೊಂದುತ್ತದೆ ಅಂತ ಹುಡುಕುತ್ತದೆ. ಕೋಟಿಗಟ್ಟಲೆ ಚೂರು ಸಿಕ್ಕರೆ ಒಂದರ ಮೇಲೊಂದು ಕೂತು ಪುಟ ತುಂಬುತ್ತದೆ.

ಇಲ್ಲಿ ನನಗೆ ತುಂಬಾ ಇಷ್ಟವಾದ ಒಂದು ಸಂಗತಿ ಇದೆ. ಹಳೆಯ ಡಿಎನ್‌ಎ ಚೂರಿನ ತುದಿಗಳಲ್ಲಿ ಸಿ ಅಕ್ಷರ ಕೆಟ್ಟು, ಯಂತ್ರಕ್ಕೆ ಟಿ ಅಂತ ಕಾಣುತ್ತದೆ. ಹಳೆಯ ಹಾಳೆಯ ಅಂಚು ಹಳದಿಯಾಗುವುದಿಲ್ಲವೇ, ಹಾಗೆ. ಮೊದಲಿಗೆ ಇದು ತಲೆನೋವು ಅನಿಸಿತ್ತು. ಆಮೇಲೆ ಇದೇ ಹಳೆಯದರ ಗುರುತಾಯಿತು. ತುದಿಯಲ್ಲಿ ಇಂಥ ಹಾನಿ ಇದ್ದರೆ ಚೂರು ನಿಜವಾಗಿ ಹಳೆಯದು. ಅಚ್ಚುಕಟ್ಟಾಗಿ ಇದ್ದರೆ ಅದು ಮೂಳೆ ಮುಟ್ಟಿದ ಯಾರದೋ ಬೆವರಿನಿಂದ ಬಂದಿರಬಹುದು.

ಬೆವರು, ಉಗುಳು, ಕೂದಲ ಹೊಟ್ಟು ಇವೇ ಈ ಕೆಲಸದ ದೊಡ್ಡ ಶತ್ರುಗಳು. ಅದಕ್ಕೇ ಪ್ರಯೋಗಾಲಯದಲ್ಲಿ ಮೈತುಂಬ ಮುಚ್ಚುವ ಉಡುಪು, ಎರಡೆರಡು ಕೈಗವಸು, ಮಾಸ್ಕ್ ಹಾಕಿಯೇ ಒಳಗೆ ಹೋಗಬೇಕು. ಮೇಜನ್ನು ಬ್ಲೀಚ್‌ನಿಂದ ಒರೆಸುತ್ತಾರೆ. ಕೋಣೆಗೆ ಅತಿನೇರಳೆ ಬೆಳಕು ಹಾಯಿಸುತ್ತಾರೆ. ಯಾವ ಮೂಳೆ ಅನ್ನುವುದೂ ಮುಖ್ಯ. ಕಿವಿಯ ಒಳಭಾಗವನ್ನು ಸುತ್ತಿರುವ ತಲೆಬುರುಡೆಯ ಮೂಳೆ ತುಂಬಾ ಗಟ್ಟಿ. ಡಿಎನ್‌ಎ ಅಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಉಳಿಯುತ್ತದೆ. ಅದನ್ನು ಕೊರೆದು ಒಂದು ಚಿಟಿಕೆ ಪುಡಿ ತೆಗೆಯುತ್ತಾರೆ. ಕೊರೆದ ಮೂಳೆ ಮತ್ತೆ ಮೊದಲಿನಂತಾಗುವುದಿಲ್ಲ. ಹಾಗಾಗಿ ಕೊರೆಯುವ ಮುನ್ನ ಅದರ ಅಳತೆ, ಚಿತ್ರ ಎಲ್ಲ ದಾಖಲಿಸಿಡಬೇಕು.

ಈ ವಿದ್ಯೆಗೆ ಹೆಚ್ಚು ವಯಸ್ಸಾಗಿಲ್ಲ. 1984ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ, ಅಳಿದುಹೋದ ಕ್ವಾಗಾ ಎಂಬ ಜೀಬ್ರಾದ ಒಣ ಚರ್ಮದಿಂದ ಪುಟ್ಟ ತುಂಡು ಓದಿದ್ದೇ ಆರಂಭ. 2005ರ ನಂತರ ಕೋಟಿಗಟ್ಟಲೆ ಚೂರುಗಳನ್ನು ಒಟ್ಟಿಗೆ ಓದುವ ಯಂತ್ರಗಳು ಬಂದವು. ಈ ಕ್ಷೇತ್ರವನ್ನು ಕಟ್ಟಿದವರಲ್ಲಿ ಮುಖ್ಯರಾದ ಸ್ವಾಂತೆ ಪಾಬೊ ಅವರಿಗೆ 2022ರಲ್ಲಿ ನೊಬೆಲ್ ಬಂತು.

ಡುಬ್ಬದ ಹೋರಿಯ ಪ್ರಯಾಣ

ನಮ್ಮ ಹಳ್ಳಿಗಳಲ್ಲಿ ದನವನ್ನು ಎರಡೇ ಮಾತಿನಲ್ಲಿ ವಿಂಗಡಿಸುತ್ತಾರೆ. ನಾಟಿ ಹಸು, ಸೀಮೆ ಹಸು. ಹಳ್ಳಿಕಾರ್, ಅಮೃತಮಹಲ್, ಖಿಲಾರಿ, ದೇವಣಿ, ಮಲೆನಾಡು ಗಿಡ್ಡ ಇವೆಲ್ಲ ನಾಟಿ. ಬೆನ್ನ ಮೇಲೆ ಹಿಣಿಲು, ಕತ್ತಿನ ಕೆಳಗೆ ಜೋತಾಡುವ ಗಂಗೆದೊಗಲು. ಜರ್ಸಿ, ಎಚ್‌ಎಫ್ ಸೀಮೆ ಹಸುಗಳು. ಬೆನ್ನು ಚಪ್ಪಟೆ.

ಡಿಎನ್‌ಎ ಹೇಳುವುದೂ ಇದೇ ವಿಂಗಡಣೆಯನ್ನು. ಎರಡರ ಹಿಂದೆಯೂ ಆರಾಕ್ಸ್ ಎಂಬ ದೈತ್ಯ ಕಾಡುದನ ಇದೆ. ಇದು ನಮ್ಮ ಮಲೆನಾಡಿನ ಕಾಟಿ ಅಲ್ಲ, ಅದು ಬೇರೆಯೇ ಜಾತಿ. ಕೊನೆಯ ಆರಾಕ್ಸ್ 1627ರಲ್ಲಿ ಪೋಲೆಂಡಿನ ಕಾಡಿನಲ್ಲಿ ಸತ್ತಿತು. ಪಶ್ಚಿಮ ಏಷ್ಯಾದ ಆರಾಕ್ಸ್ ಮತ್ತು ಭಾರತದ ಕಡೆಯ ಆರಾಕ್ಸ್ ಮನುಷ್ಯರು ಪಳಗಿಸುವುದಕ್ಕೆ ಲಕ್ಷ ವರ್ಷಕ್ಕೂ ಮೊದಲೇ ಬೇರೆಬೇರೆ ಕವಲಾಗಿದ್ದವು. ಸುಮಾರು 10,500 ವರ್ಷ ಹಿಂದೆ ಯೂಫ್ರೆಟಿಸ್ ನದಿಯ ಮೇಲ್ದಂಡೆಯ ಕಡೆ ಮೊದಲನೆಯದನ್ನು ಪಳಗಿಸಿದರು. ಅದರಿಂದ ಸೀಮೆ ಹಸುಗಳ ವಂಶ ಬಂತು. ಇರಾನಿನ ಹಳೆಯ ಮೂಳೆಗಳ ಡಿಎನ್‌ಎ ಇಟ್ಟುಕೊಂಡು ಮಾಡಿದ ಒಂದು ಲೆಕ್ಕದಂತೆ ಈ ವಂಶಕ್ಕೆ ಮೂಲವಾದ ಕಾಡುಹಸುಗಳು ಸುಮಾರು 80 ಮಾತ್ರ. ಇವತ್ತು ಯೂರೋಪಿನ ಕೊಟ್ಟಿಗೆಗಳಲ್ಲಿ ನಿಂತಿರುವ ದನಗಳೆಲ್ಲ ಬಹುಪಾಲು ಆ ಒಂದು ಮಂದೆಯಷ್ಟು ಹಸುಗಳ ಮೊಮ್ಮಕ್ಕಳು.

ನಮ್ಮ ನಾಟಿ ವಂಶ ಪಳಗಿದ್ದು ಬೇರೆ ಜಾಗದಲ್ಲಿ. ಸಿಂಧೂ ಕಣಿವೆಯ ಅಂಚಿನಲ್ಲಿ, ಬಲೂಚಿಸ್ತಾನದ ಮೆಹರ್‌ಗಢದಂಥ ಕಡೆ, ಸುಮಾರು 8,000 ವರ್ಷ ಹಿಂದೆ. ಹರಪ್ಪದ ಮುದ್ರೆಗಳ ಮೇಲೆ ಗಂಗೆದೊಗಲು ಇಳಿಬಿಟ್ಟು ನಿಂತಿರುವ ಆ ಗೂಳಿ ಇದೇ ವಂಶದ್ದು.

ಹಾಗಾದರೆ ಇವೆರಡೂ ಭೇಟಿಯಾದದ್ದು ಯಾವಾಗ? ಇವತ್ತು ಪಶ್ಚಿಮ ಏಷ್ಯಾದ ದನಗಳಲ್ಲಿ ನಾಟಿ ರಕ್ತ ಬೆರೆತಿದೆ ಅಂತ ಮೊದಲೇ ಗೊತ್ತಿತ್ತು. ಆದರೆ ಯಾವಾಗ ಬೆರೆಯಿತು ಅನ್ನುವುದು ಗೊತ್ತಿರಲಿಲ್ಲ. 2019ರಲ್ಲಿ ಡಬ್ಲಿನ್‌ನ ಟ್ರಿನಿಟಿ ಕಾಲೇಜಿನ ಸಂಶೋಧಕರು ಮತ್ತು ಜೊತೆಗಾರರು 67 ಹಳೆಯ ದನಗಳ ಡಿಎನ್‌ಎ ಓದಿದರು. ಮೂಳೆಗಳನ್ನು ಕಾಲದ ಕ್ರಮದಲ್ಲಿ ಇಟ್ಟುಕೊಂಡು ಬಂದರೆ, ಸಾವಿರಾರು ವರ್ಷಗಳ ಕಾಲ ನಾಟಿ ರಕ್ತದ ಸುಳಿವಿಲ್ಲ. ಸುಮಾರು 4,200 ವರ್ಷದ ಹಿಂದಿನ ಹೊತ್ತಿಗೆ ಇದ್ದಕ್ಕಿದ್ದಂತೆ ಕಾಣಿಸಿಕೊಳ್ಳುತ್ತದೆ. ಆಮೇಲೆ ಬೇಗ ಬೇಗ ಹರಡುತ್ತದೆ.

ಆ ಕಾಲ ಸಾಮಾನ್ಯದ್ದಲ್ಲ. ಭೂಮಿಯ ಹಲವು ಕಡೆ ಮಳೆ ಕೈಕೊಟ್ಟು ದೀರ್ಘ ಬರಗಾಲ ಬಿದ್ದ ಸಮಯ ಅದು. ಮೇಘಾಲಯದ ಮಾವ್‌ಮ್ಲುಹ್ ಗುಹೆಯ ಸುಣ್ಣದ ಕಂಬವೊಂದರಲ್ಲಿ ಆ ಬರದ ಗುರುತು ಸ್ಪಷ್ಟವಾಗಿದೆ. ಅದಕ್ಕಾಗಿ ಭೂವಿಜ್ಞಾನಿಗಳು 4,200 ವರ್ಷದ ಹಿಂದಿನಿಂದ ಇವತ್ತಿನವರೆಗಿನ ಕಾಲಕ್ಕೆ 2018ರಲ್ಲಿ ‘ಮೇಘಾಲಯನ್’ ಅಂತಲೇ ಹೆಸರಿಟ್ಟರು. ಬಿಸಿಲು, ಬರ, ಒಣ ಮೇವು ತಡೆಯುವುದರಲ್ಲಿ ನಾಟಿ ದನ ಗಟ್ಟಿ. ಅದು ಕುಡಿಯುವ ನೀರೂ ಕಡಿಮೆ. ಬರ ಬಿದ್ದ ನಾಡಿನವರು ಇಂಥ ದನ ಬೇಕು ಅಂದುಕೊಂಡಿದ್ದರೆ ಆಶ್ಚರ್ಯವಿಲ್ಲ.

ಈಗ ಮೈಟೊಕಾಂಡ್ರಿಯ ನೆನಪಿಸಿಕೊಳ್ಳಿ. ಈ ಬೆರಕೆ ದನಗಳಲ್ಲಿ ಒಟ್ಟು ಡಿಎನ್‌ಎಯಲ್ಲಿ ನಾಟಿ ಪಾಲು ಏರಿತ್ತು. ಆದರೆ ತಾಯಿಯ ಕಡೆಯಿಂದ ಬರುವ ಮೈಟೊಕಾಂಡ್ರಿಯ ಮಾತ್ರ ಹೆಚ್ಚಾಗಿ ಅಲ್ಲಿನ ಹಳೆಯ ಹಸುಗಳದ್ದೇ ಆಗಿತ್ತು. ಇದರ ಅರ್ಥ ಒಂದೇ. ಈ ಕಡೆಯಿಂದ ಹೋದದ್ದು ಮಂದೆಗೆ ಮಂದೆಯಲ್ಲ, ಹೆಚ್ಚಾಗಿ ಹೋರಿಗಳು. ಅಲ್ಲಿನ ಹಸುಗಳಿಗೆ ಈ ಹೋರಿ ಬಿಟ್ಟು ತಳಿ ಬದಲಿಸಿದ್ದಾರೆ. ನಮ್ಮ ಊರುಗಳಲ್ಲಿ ಒಳ್ಳೆಯ ಬೀಜದ ಹೋರಿ ಇರುವ ಮನೆಗೆ ಸುತ್ತಲಿನವರು ಹಸು ಹೊಡೆದುಕೊಂಡು ಬರುವ ರೂಢಿ ಇದೆಯಲ್ಲ, ಅದೇ ಲೆಕ್ಕ. ಒಂದು ಹೋರಿ ನೂರಾರು ಕರುಗಳಿಗೆ ತಂದೆಯಾಗಬಲ್ಲದು. ಬರೆದಿಟ್ಟವರು ಯಾರೂ ಇಲ್ಲದ ಒಂದು ವ್ಯವಹಾರ ನಾಲ್ಕು ಸಾವಿರ ವರ್ಷ ಆದಮೇಲೆ ಹೀಗೆ ಹೊರಗೆ ಬಂತು.

ಕುದುರೆ, ನಾಯಿ, ದ್ರಾಕ್ಷಿ

ಕಜಾಕಸ್ತಾನದ ಬೊಟಾಯ್‌ನಲ್ಲಿ ಸುಮಾರು 5,500 ವರ್ಷ ಹಿಂದಿನ ಜನ ಕುದುರೆಗಳ ಜೊತೆ ಬದುಕಿದ್ದರು. ಮಡಕೆಯ ಚೂರಿನಲ್ಲಿ ಕುದುರೆ ಹಾಲಿನ ಅಂಶವೂ ಸಿಕ್ಕಿತ್ತು. ಇವತ್ತಿನ ಕುದುರೆಗಳ ತವರು ಇದೇ ಅಂತ ಬಹಳ ಜನ ನಂಬಿದ್ದರು. 2018ರಲ್ಲಿ ಡಿಎನ್‌ಎ ಬೇರೆಯೇ ಹೇಳಿತು. ಬೊಟಾಯ್ ಕುದುರೆಗಳ ಸಂತತಿ ಇವತ್ತಿನ ಸಾಕುಕುದುರೆ ಅಲ್ಲ, ಮಂಗೋಲಿಯಾದ ಪ್ರಜೆವಾಲ್ಸ್ಕಿ ಎಂಬ ‘ಕಾಡುಕುದುರೆ’. ಅಲ್ಲಿಯವರೆಗೆ ಅದನ್ನು ಎಂದೂ ಪಳಗದ ಕುದುರೆ ಅಂದುಕೊಂಡಿದ್ದರು. 2021ರಲ್ಲಿ ಫ್ರಾನ್ಸಿನ ಲುಡೊವಿಕ್ ಒರ್ಲಾಂಡೊ ಅವರ ತಂಡ 273 ಹಳೆಯ ಕುದುರೆಗಳನ್ನು ಓದಿ ನಿಜವಾದ ತವರನ್ನು ತೋರಿಸಿತು. ಅದು ರಷ್ಯಾದ ವೋಲ್ಗಾ ಮತ್ತು ಡಾನ್ ನದಿಗಳ ಕೆಳಪಾತ್ರ. ಅಲ್ಲಿಂದ ಸುಮಾರು 4,200 ವರ್ಷ ಹಿಂದೆ ಶುರುವಾಗಿ ಆ ಕುದುರೆಗಳು ಉಳಿದೆಲ್ಲ ತಳಿಗಳನ್ನು ಬದಿಗೊತ್ತಿ ಹಬ್ಬಿದವು. ಅವುಗಳಲ್ಲಿ ಎರಡು ಜೀನ್‌ಗಳ ಬದಲಾವಣೆ ಎದ್ದು ಕಾಣುತ್ತದೆ. ಒಂದಕ್ಕೆ ಬೆನ್ನಿನ ಬಲದ ಜೊತೆ ನಂಟಿದೆ, ಇನ್ನೊಂದಕ್ಕೆ ಸಾಧು ಸ್ವಭಾವದ ಜೊತೆ. ಸವಾರನಿಗೆ ಬೇಕಾದದ್ದೂ ಅವೆರಡೇ ಅಲ್ವಾ?

ನಾಯಿಯದ್ದು ಊಟದ ಕಥೆ. ತೋಳಕ್ಕೆ ಪಿಷ್ಟ ಅರಗಿಸುವ ಜೀನಿನ ಎರಡೇ ಪ್ರತಿ. ನಾಯಿಗಳಲ್ಲಿ ಅದು ಹತ್ತಿಪ್ಪತ್ತಕ್ಕೂ ಏರಿದೆ. ನಮ್ಮ ಮನೆಯ ನಾಯಿ ಮುದ್ದೆ ತಿಂದು ಆರೋಗ್ಯವಾಗಿರುವುದರ ಹಿಂದೆ ಇದೂ ಇದೆ. ಯೂರೋಪಿನ ಹಳೆಯ ನಾಯಿ ಮೂಳೆಗಳಲ್ಲಿ ಈ ಏರಿಕೆ 7,000 ವರ್ಷ ಹಿಂದೆಯೇ ಕಾಣಿಸುತ್ತದೆ. ಬೇಸಾಯಗಾರರ ಮನೆಬಾಗಿಲಲ್ಲಿ ಬಿದ್ದ ಗಂಜಿ, ರೊಟ್ಟಿ ತಿಂದೇ ಅವು ಹಾಗಾದವು.

ದ್ರಾಕ್ಷಿಯದ್ದು ಒಂದೇ ಮಾತು. ಫ್ರಾನ್ಸಿನ ಓರ್ಲಿಯನ್ಸ್‌ನಲ್ಲಿ ಸಿಕ್ಕ ಸುಮಾರು 900 ವರ್ಷದ ಹಳೆಯ ಬೀಜವೊಂದು ಇವತ್ತೂ ಬೆಳೆಯುವ ಸಾವಾನ್ಯಾನ್ ಬ್ಲಾಂಕ್ ತಳಿಗೆ ಪೂರ್ತಿ ಹೊಂದಿತು. ಮಲ್ಲಿಗೆಯ ಕಡ್ಡಿ, ವೀಳ್ಯದೆಲೆಯ ಬಳ್ಳಿ ಕತ್ತರಿಸಿ ನೆಡುತ್ತೇವಲ್ಲ, ಹಾಗೆ ಅದೇ ಒಂದು ಗಿಡವನ್ನು ಕಡ್ಡಿಯಿಂದ ಕಡ್ಡಿಗೆ ಒಂಬತ್ತು ಶತಮಾನ ದಾಟಿಸಿಕೊಂಡು ಬಂದಿದ್ದಾರೆ.

ಅರ್ಧ ದಾರಿಯಲ್ಲಿ ಸಿಕ್ಕ ತೆನೆ

ದಾವಣಗೆರೆ, ಹಾವೇರಿ ಕಡೆ ಕಣ್ಣು ಹಾಯಿಸಿದಷ್ಟೂ ಇರುವ ಮೆಕ್ಕೆಜೋಳದ, ಅಂದರೆ ಗೋವಿನಜೋಳದ, ತವರು ಮೆಕ್ಸಿಕೊ. ಅದರ ಕಾಡು ಪೂರ್ವಜ ಟಿಯೋಸಿಂಟೆ ಎಂಬ ಹುಲ್ಲು. ಪಕ್ಕದಲ್ಲಿಟ್ಟು ನೋಡಿದರೆ ನೆಂಟರು ಅಂತ ನಂಬುವುದೇ ಕಷ್ಟ. ಟಿಯೋಸಿಂಟೆಯ ತೆನೆ ಬೆರಳಿಗಿಂತ ಸಣ್ಣ. ಅದರಲ್ಲಿ ಐದರಿಂದ ಹನ್ನೆರಡು ಕಾಳು. ಪ್ರತಿ ಕಾಳಿನ ಸುತ್ತ ಕಲ್ಲಿನಂಥ ಚಿಪ್ಪು. ಮನುಷ್ಯರು ಇದನ್ನು ಸುಮಾರು 9,000 ವರ್ಷ ಹಿಂದೆ ಬಾಲ್ಸಸ್ ನದಿಯ ಕಣಿವೆಯಲ್ಲಿ ಬೆಳೆಯಲು ಶುರುಮಾಡಿದರು.

ಚಿಪ್ಪಿನಿಂದ ಕಾಳು ಹೊರಗೆ ಬಂದದ್ದು ಮುಖ್ಯವಾಗಿ ಒಂದು ಜೀನಿನ ಬದಲಾವಣೆಯಿಂದ. ಎಲ್ಲ ಬದಲಾವಣೆಯೂ ಒಟ್ಟಿಗೆ ಆಯಿತಾ? ಇಲ್ಲ. ಮೆಕ್ಸಿಕೊದ ಟೆವಾಕಾನ್ ಕಣಿವೆಯ ಒಣ ಗುಹೆಗಳಲ್ಲಿ ಸಿಕ್ಕ ಸುಮಾರು 5,300 ವರ್ಷದ ತೆನೆಗಳನ್ನು 2016ರಲ್ಲಿ ಓದಿದಾಗ ಅವು ಅರ್ಧ ದಾರಿಯಲ್ಲಿದ್ದವು. ಕಾಳಿನ ಸುತ್ತಲಿನ ಚಿಪ್ಪು ಹೋಗಿತ್ತು. ಬೇರೆ ಕೆಲವು ಜೀನ್‌ಗಳು ಇನ್ನೂ ಟಿಯೋಸಿಂಟೆಯಂತೆಯೇ ಇದ್ದವು. ಅಂದರೆ ಬೆಳೆಯಲು ಶುರುಮಾಡಿ ಮೂರು ಮುಕ್ಕಾಲು ಸಾವಿರ ವರ್ಷವಾದರೂ ಕೆಲಸ ಮುಗಿದಿರಲಿಲ್ಲ. ನ್ಯೂ ಮೆಕ್ಸಿಕೊದ ಎರಡು ಸಾವಿರ ವರ್ಷದ ತೆನೆಗಳಲ್ಲಿ, ಹಿಟ್ಟಿಗೆ ರೊಟ್ಟಿಯ ಹದ ಕೊಡುವ ಜೀನ್ ಇನ್ನೂ ಒಂದೇ ರೂಪಕ್ಕೆ ಬಂದಿರಲಿಲ್ಲ ಅಂತ 2003ರ ಅಧ್ಯಯನವೊಂದು ತೋರಿಸಿತ್ತು. ಯಾರೋ ಜಾಣರು ಒಂದು ದಿನ ಕೃಷಿ ಕಂಡುಹಿಡಿದರು ಎಂಬ ಕಥೆ ಇಲ್ಲಿ ನಿಲ್ಲುವುದಿಲ್ಲ.

ಇಲ್ಲೇ ನಮ್ಮ ಸೋಮನಾಥಪುರದ ವಿಷಯ ಹೇಳಬೇಕು. 13ನೇ ಶತಮಾನದ ಆ ಹೊಯ್ಸಳ ದೇವಸ್ಥಾನದ ಗೋಡೆಯ ಮೂರ್ತಿಗಳ ಕೈಯಲ್ಲಿ ಸಾಲು ಸಾಲು ಕಾಳಿನಂತೆ ಕೆತ್ತಿದ ವಸ್ತುವೊಂದಿದೆ. ಅದು ಮೆಕ್ಕೆಜೋಳದ ತೆನೆ, ಕೊಲಂಬಸ್‌ಗೆ ಮೊದಲೇ ಬೆಳೆ ಇಲ್ಲಿಗೆ ಬಂದಿತ್ತು ಅಂತ 1989ರಲ್ಲಿ ಅಮೆರಿಕದ ಸಂಶೋಧಕರು ವಾದಿಸಿದರು. ಅದು ಮುತ್ತು ಪೋಣಿಸಿದಂಥ ಮುಕ್ತಾಫಲ ಅಂತ ಬೇರೆಯವರು ಹೇಳುತ್ತಾರೆ. ಪೋರ್ಚುಗೀಸರ ಕಾಲದಲ್ಲಿ ಬಂತು ಅನ್ನುವುದೇ ಬಹುಪಾಲು ವಿದ್ವಾಂಸರ ಅಭಿಪ್ರಾಯ. ಕಲ್ಲನ್ನು ಎಷ್ಟು ದಿಟ್ಟಿಸಿ ನೋಡಿದರೂ ಈ ಜಗಳ ತೀರುವುದಿಲ್ಲ. ಕಾಲ ನಿರ್ಣಯವಾದ ಹೊಯ್ಸಳರ ಕಾಲದ ಒಂದು ಕಾಳು ಸಿಕ್ಕರೆ ಒಂದೇ ದಿನದಲ್ಲಿ ತೀರುತ್ತದೆ.

ನಮ್ಮ ಮಣ್ಣಿನಲ್ಲಿ ಯಾಕೆ ಕಷ್ಟ?

ಇಷ್ಟೆಲ್ಲ ಓದಿದ ಮೇಲೆ ಒಂದು ವಿಷಯ ಗಮನಿಸಿರಬಹುದು. ಗುಹೆ, ಮರುಭೂಮಿ, ಹಿಮ, ತಂಪು ನಾಡು. ಹಳೆಯ ಡಿಎನ್‌ಎ ಸಿಗುವುದೆಲ್ಲ ಅಲ್ಲಿ. ನಮ್ಮಲ್ಲಿ ಬೇಸಿಗೆಯಲ್ಲಿ ಕಾದ ನೆಲಕ್ಕೆ ಮಳೆಗಾಲದಲ್ಲಿ ನೀರು ಇಳಿಯುತ್ತದೆ. ಪ್ರತಿ ವರ್ಷ ಇದೇ. ಡಿಎನ್‌ಎಗೆ ಇದಕ್ಕಿಂತ ಕೆಟ್ಟ ಜಾಗ ಬೇಕಿಲ್ಲ. ಹರಿಯಾಣದಲ್ಲಿರುವ ಹರಪ್ಪ ಕಾಲದ ಊರು ರಾಖೀಗಢಿಯಲ್ಲಿ 60ಕ್ಕೂ ಹೆಚ್ಚು ಅಸ್ಥಿಪಂಜರಗಳ ಮಾದರಿ ಪರೀಕ್ಷಿಸಿದ ಮೇಲೆ 2019ರಲ್ಲಿ ಓದಲು ಸಿಕ್ಕಿದ್ದು ಒಬ್ಬ ಹೆಂಗಸಿನ ಡಿಎನ್‌ಎ ಮಾತ್ರ. ಲಖನೌದ ಬೀರಬಲ್ ಸಾಹ್ನಿ ಸಂಸ್ಥೆಯಲ್ಲಿ, ಹೈದರಾಬಾದಿನ ಸಿಸಿಎಂಬಿ ಎಂಬ ಜೀವಕೋಶ ಮತ್ತು ಅಣುಜೀವವಿಜ್ಞಾನ ಕೇಂದ್ರದಲ್ಲಿ ಈ ಕೆಲಸ ಮಾಡುವ ವಿಜ್ಞಾನಿಗಳ ಎದುರಿಗಿರುವ ದೊಡ್ಡ ಗೋಡೆ ಇದೇ ಬಿಸಿ.

ಕಾಳುಗಳಲ್ಲಿ ಇನ್ನೊಂದು ತೊಡಕಿದೆ. ಬಳ್ಳಾರಿ ಹತ್ತಿರದ ಸಂಗನಕಲ್ಲಿನಲ್ಲಿ, ತುಂಗಭದ್ರೆಯ ದಡದ ಹಳ್ಳೂರಿನಲ್ಲಿ ನವಶಿಲಾಯುಗದ ಜನ ಹುರುಳಿ, ಹೆಸರು, ಕೊರಲೆ ತಿನ್ನುತ್ತಿದ್ದರು. ಆ ಕಾಳುಗಳು ಇಂದಿಗೂ ಸಿಕ್ಕಿರುವುದು ಒಲೆಯಲ್ಲಿ ಬಿದ್ದು ಕರಕಲಾದದ್ದರಿಂದ. ಕರಕಲಾಗದಿದ್ದರೆ ಕೊಳೆತು ಹೋಗುತ್ತಿದ್ದವು. ಕರಕಲಾದ್ದರಿಂದ ಆಕಾರ ಉಳಿಯಿತು, ಡಿಎನ್‌ಎ ಬೆಂದುಹೋಯಿತು. ಕುಡತಿನಿ, ಬೂದಿಹಾಳದಂಥ ಕಡೆಯ ಬೂದಿದಿಬ್ಬಗಳು ಸಗಣಿಯನ್ನು ರಾಶಿ ಹಾಕಿ ಸುಟ್ಟದ್ದರ ಗುರುತು. ಅಂದರೆ ನಾಲ್ಕೈದು ಸಾವಿರ ವರ್ಷ ಹಿಂದೆ ಅಲ್ಲಿ ದೊಡ್ಡ ದನದ ಮಂದೆಗಳಿದ್ದವು. ಆ ದನಗಳಿಗೂ ಇವತ್ತಿನ ಹಳ್ಳಿಕಾರಿಗೂ ಏನು ಸಂಬಂಧ ಅಂತ ಮೂಳೆಯೇ ಹೇಳುವ ದಿನಕ್ಕೆ ನಾನಂತೂ ಕಾಯುತ್ತಿದ್ದೇನೆ.

ನಮ್ಮ ಬಿಳಿಜೋಳಕ್ಕೆ ಅದೃಷ್ಟ ಸ್ವಲ್ಪ ಚೆನ್ನಾಗಿತ್ತು. ಜೋಳ, ರಾಗಿ ಎರಡೂ ಆಫ್ರಿಕಾದಿಂದ ಬಂದವು. ಈಜಿಪ್ಟಿನ ದಕ್ಷಿಣದಲ್ಲಿ ಕಸರ್ ಇಬ್ರಿಮ್ ಎಂಬ ಹಳೆಯ ಕೋಟೆಯ ಊರಿದೆ. ಅಲ್ಲಿ ಮಳೆಯೇ ಇಲ್ಲ. ಕರಕಲಾಗದೆ ಸುಮ್ನೆ ಒಣಗಿದ ಜೋಳ ಅಲ್ಲಿ ಸಿಕ್ಕಿತು. 2019ರಲ್ಲಿ ಅದನ್ನು ಓದಿದಾಗ, ಪಳಗಿಸುವಾಗ ತಳಿಯ ವೈವಿಧ್ಯ ಒಮ್ಮೆಲೇ ಕುಸಿಯುತ್ತದೆ ಎಂಬ ಹಳೆಯ ನಂಬಿಕೆ ಜೋಳಕ್ಕೆ ಹೊಂದಲಿಲ್ಲ. ಅದು ಸಾವಿರಾರು ವರ್ಷಗಳಲ್ಲಿ ನಿಧಾನಕ್ಕೆ ಕರಗಿತ್ತು.

ಹುರುಳಿಗೆ ಅಂಥ ಅದೃಷ್ಟ ಇರಲಿಲ್ಲ. ಹಾಗಂತ ಸುಮ್ಮನೆ ಕೂರಲಿಲ್ಲ. 2017ರಲ್ಲಿ ಇಂಗ್ಲೆಂಡಿನ ಸಂಶೋಧಕರು ದಕ್ಷಿಣ ಭಾರತದ ಉತ್ಖನನಗಳಲ್ಲಿ ಸಿಕ್ಕ ಕರಕಲು ಹುರುಳಿಯನ್ನು ಬಲವಾದ ಎಕ್ಸ್‌ರೇ ಕಿರಣದಲ್ಲಿ ನೋಡಿದರು. ಕಾಳು ಒಡೆಯಬೇಕಿಲ್ಲ, ಸಿಪ್ಪೆ ಎಷ್ಟು ದಪ್ಪ ಅಂತ ಅಳೆಯಬಹುದು. ಕಾಡು ಕಾಳಿನ ಸಿಪ್ಪೆ ದಪ್ಪ. ನೀರು ಬೇಗ ಒಳಗೆ ಇಳಿಯದು. ಒಂದು ಮಳೆ ಬಂದ ಮಾತ್ರಕ್ಕೆ ಎಲ್ಲ ಕಾಳೂ ಮೊಳೆತು, ಆಮೇಲೆ ಬಿಸಿಲು ಬಂದರೆ ಇಡೀ ಸಂತಾನ ಸಾಯುತ್ತದೆ. ಅದಕ್ಕೇ ಕಾಡಿನ ಗಿಡದ ಕಾಳುಗಳು ಒಂದಿಷ್ಟು ಈ ವರ್ಷ, ಒಂದಿಷ್ಟು ಮುಂದಿನ ವರ್ಷ ಅಂತ ಮೊಳೆಯುತ್ತವೆ. ಬಿತ್ತಿದವರಿಗೆ ಮಾತ್ರ ಎಲ್ಲ ಒಟ್ಟಿಗೆ ಮೊಳೆಯಬೇಕು. ಬೇಗ ಮೊಳೆತ ತೆಳು ಸಿಪ್ಪೆಯ ಕಾಳೇ ಕೊಯ್ಲಿಗೆ ಬಂತು, ಅದೇ ಮತ್ತೆ ಬಿತ್ತನೆಗೆ ಹೋಯಿತು. ಕ್ರಿಸ್ತಪೂರ್ವ 2000ದಿಂದ ಕ್ರಿಸ್ತಶಕ 1200ರವರೆಗಿನ ಆ ಕಾಳುಗಳಲ್ಲಿ ಸಿಪ್ಪೆ ತೆಳುವಾಗುತ್ತಾ ಬಂದಿರುವುದು ಕಾಣಿಸಿತು.

ಮೊಳಕೆ ಹುರುಳಿ ಸಾರಿಗೆ ರಾತ್ರಿ ಕಾಳು ನೆನೆಹಾಕಿ ನೋಡಿ. ಬೆಳಗ್ಗೆ ಹೊತ್ತಿಗೆ ಹೆಚ್ಚುಕಡಿಮೆ ಎಲ್ಲ ಉಬ್ಬಿರುತ್ತವೆ. ಪಾತ್ರೆಯ ತಳದಲ್ಲಿ ನಾಲ್ಕೈದು ಕಾಳು ಮಾತ್ರ ನೆನೆಯದೆ, ಹಲ್ಲಿಗೆ ಸಿಕ್ಕರೆ ಹಲ್ಲೇ ಮುರಿಯುವಷ್ಟು ಗಟ್ಟಿಯಾಗಿ ಉಳಿದಿರುತ್ತವೆ. ಅಮ್ಮ ಅವನ್ನು ಆರಿಸಿ ಹಿತ್ತಲಿಗೆ ಎಸೆಯುತ್ತಿದ್ದಳು. ಕಾಡಿನ ಹಳೆಯ ಗುಣ ಪೂರ್ತಿ ಬಿಟ್ಟುಹೋಗದ ಕಾಳುಗಳು ಅವು. ಮುಂದಿನ ಮಳೆಗೆ ಅವುಗಳಲ್ಲಿ ಒಂದೆರಡು ಹಿತ್ತಲಲ್ಲೇ ಹುಟ್ಟಿಕೊಳ್ಳುತ್ತಿದ್ದವು.